ಬರಿಗಾಲಲ್ಲಿ ಧರ್ಮಸ್ಥಳಕ್ಕೆ: ಅಂಗಾಲು ಹದವಾದ ಬಗೆ

ಶಿವರಾತ್ರಿ ಪಾದಯಾತ್ರೆಯ ಮಾತೆತ್ತಿದರೆ ಎಲ್ಲರೂ ಕೇಳುವುದು ಬೊಬ್ಬೆಯ ಬಗ್ಗೆ. ನನ್ನನ್ನು ಹೆಚ್ಚು ಕಾಡಿದ್ದು ಮೀನಖಂಡ. ಚರ್ಮ ಬೇಗ ಒಗ್ಗುತ್ತದೆ. ವರ್ಷಗಟ್ಟಲೆ ದಪ್ಪ ಅಟ್ಟೆಯ ಶೂ ನಂಬಿಕೊಂಡಿದ್ದ ಸ್ನಾಯು, ಪಾದದ ಸಣ್ಣ ಮೂಳೆಗಳಿಗೆ ತಿಂಗಳುಗಳೇ ಬೇಕು. ಅದಕ್ಕೇ ದೀಪಾವಳಿ ಮುಗಿಯುತ್ತಿದ್ದಂತೆ ಅಭ್ಯಾಸ ಶುರುಮಾಡಿದೆ.

ಮೈಸೂರಿನವನಾದ್ದರಿಂದ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿರವೇ ಇತ್ತು. ಬೆಳಗಿನ ಜಾವ ಬರಿಗಾಲಲ್ಲಿ ಹತ್ತುವುದು, ಇಳಿಯುವಾಗ ಚೀಲದಲ್ಲಿದ್ದ ಚಪ್ಪಲಿ ಮೆಟ್ಟುವುದು. ಇಳಿಯುವಾಗಲೇ ಪಾದಕ್ಕೆ ಏಟು ಜಾಸ್ತಿ. ಆದರೆ ಸವೆದ ಕಲ್ಲು ಜಲ್ಲಿಯ ಪಾಠ ಕಲಿಸುವುದಿಲ್ಲ. ಹಾಗಾಗಿ ಮನೆ ಹತ್ತಿರದ ಮಣ್ಣು ದಾರಿ, ಆಮೇಲೆ ಕಿತ್ತುಹೋದ ಡಾಂಬರು. ಜಲ್ಲಿಯ ಮೇಲೆ ಹಿಮ್ಮಡಿ ಕುಟ್ಟಿ ನಡೆದರೆ ಕಣ್ಣಲ್ಲಿ ನೀರು ಬರುತ್ತದೆ. ಮಂಡಿ ಸ್ವಲ್ಪ ಸಡಿಲ ಬಿಟ್ಟು, ಹೆಜ್ಜೆ ಗಿಡ್ಡ ಮಾಡಿ, ಪಾದವನ್ನು ಮೆಲ್ಲಗೆ ಊರಿ ಆಮೇಲೆ ಭಾರ ಬಿಡಬೇಕು.

ಮರುದಿನ ಅಂಗಾಲೆಲ್ಲ ಚುರುಗುಟ್ಟಿದರೆ ಒಂದು ದಿನ ಬಿಡುವು ಕೊಟ್ಟು ಮತ್ತೆ ನಡೆಯುತ್ತಿದ್ದೆ. ಪಾದದ ಮೇಲ್ಭಾಗದಲ್ಲಿ ಬೆರಳಿಟ್ಟು ಒತ್ತಿದ ಒಂದೇ ಜಾಗ ನೋಯುತ್ತಿದ್ದರೆ ಮಾತ್ರ ಹುಡುಗಾಟವಲ್ಲ, ಮೂಳೆಯಲ್ಲಿ ಸಣ್ಣ ಬಿರುಕಿರಬಹುದು. ಆಗ ನಡಿಗೆ ನಿಲ್ಲಿಸಿ ವೈದ್ಯರ ಬಳಿ ಹೋಗಲೇಬೇಕು.

ಅಂಗಾಲು ದಪ್ಪಗಟ್ಟಿದರೆ ಜಡವಾಗುತ್ತದೆಂದು ಅಂದುಕೊಂಡಿದ್ದೆ. ಹಾಗಾಗಲಿಲ್ಲ. ಕಲ್ಲಿನ ಮೂಲೆ ತಿಳಿಯುತ್ತದೆ, ಚುಚ್ಚುವುದಿಲ್ಲ. ಕೀನ್ಯಾ ಮತ್ತು ಅಮೆರಿಕದ ಜನರ ಪಾದ ಅಳೆದು 2019ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಅಧ್ಯಯನವೂ ಇದನ್ನೇ ಹೇಳಿತು. ಹಾಗಾಗಿ ಆ ಚರ್ಮವನ್ನು ಕಲ್ಲಿಗೆ ತಿಕ್ಕಿ ತೆಗೆಯಲು ಹೋಗಬೇಡಿ. ಹಿಮ್ಮಡಿ ಒಡೆಯದಂತೆ ರಾತ್ರಿ ಹರಳೆಣ್ಣೆ ಸವರಿದರೆ ಸಾಕು.

ಯಾತ್ರೆಯಲ್ಲಿ ನಿಜವಾದ ಶತ್ರು ಬಿಸಿಲು. ಹಾಸನ, ಬೇಲೂರು ದಾಟುವಾಗ ಹನ್ನೊಂದರ ಹೊತ್ತಿಗೆ ಡಾಂಬರು ಕಾದ ಹೆಂಚು. ನಸುಕಿನಲ್ಲೇ ಹೊರಟು ಹತ್ತರೊಳಗೆ ನೆರಳು ಸೇರುತ್ತಿದ್ದೆವು. ತಡವಾದರೆ ರಸ್ತೆಯಂಚಿನ ಬಿಳಿ ಪಟ್ಟಿಯೇ ಗತಿ, ಅದು ಅಷ್ಟು ಕಾಯುವುದಿಲ್ಲ. ಪಕ್ಕದ ಹುಲ್ಲು ತಂಪೇನೋ ಹೌದು, ಆದರೆ ನೆಗ್ಗಿಲು ಮುಳ್ಳು, ಬಾಟಲಿ ಚೂರು. ಧನುರ್ವಾಯು ಚುಚ್ಚುಮದ್ದು ಮೊದಲೇ ಹಾಕಿಸಿಕೊಂಡಿದ್ದೆ.

ದಾರಿಯುದ್ದಕ್ಕೂ ಮಜ್ಜಿಗೆ ಕೊಡುವವರು, ಕಾಲೊತ್ತಿ ಎಣ್ಣೆ ತಿಕ್ಕುವವರು ಸಿಗುತ್ತಾರೆ. ಪುಣ್ಯಾತ್ಮರು! ನಾನು ಮೀನಖಂಡಕ್ಕಷ್ಟೇ ತಿಕ್ಕಿಸಿಕೊಂಡೆ. ನಡೆಯುವ ಮುಂಚೆ ಅಂಗಾಲು ಮೆತ್ತಗಾದರೆ ಬೊಬ್ಬೆ ಏಳುವುದು ಸಲೀಸು. ಬೊಬ್ಬೆಗೆ ದಾರ ಪೋಣಿಸಿ ಹಾಗೇ ಬಿಡುವವರೂ ಇದ್ದಾರೆ. ಕೀವಿಗೆ ದಾರಿ ಮಾಡಿಕೊಟ್ಟಂತೆ. ತೀರಾ ಉಬ್ಬಿದ್ದರೆ ಹೊಸ ಸೂಜಿಯಿಂದ ಅಂಚಿನಲ್ಲಿ ಚುಚ್ಚಿ, ನೀರು ಇಳಿಸಿ, ಮೇಲಿನ ಸಿಪ್ಪೆ ಕೀಳದೆ ಬೀಟಾಡಿನ್ ಹಚ್ಚಿ ಬಟ್ಟೆ ಕಟ್ಟುತ್ತಿದ್ದೆ.

ಕೊಟ್ಟಿಗೆಹಾರ ದಾಟಿದರೆ ಚಾರ್ಮಾಡಿ ಘಾಟಿ. ನೆರಳಿದ್ದರೂ ಇಳಿಜಾರಿನಲ್ಲಿ ಪಾದ ಮುಂದಕ್ಕೆ ಜಾರಿ ಬೆರಳ ಬುಡ ಉರಿಯತೊಡಗುತ್ತದೆ. ತಿರುವುಗಳಲ್ಲಿ ಅಡ್ಡಡ್ಡ ಹೆಜ್ಜೆ ಹಾಕಿ ಇಳಿದೆ.

ಜೊತೆಗಿದ್ದ ಭಾವನಿಗೆ ಸಕ್ಕರೆ ಕಾಯಿಲೆ. ಬರಿಗಾಲ ಹರಕೆ ಎಂದು ಹಟ ಹಿಡಿದರೂ ಅವರಿಗೆ ಶೂ ಹಾಕಿಸಿಯೇ ಕರೆದೊಯ್ದೆವು. ಸ್ಪರ್ಶ ಕಡಿಮೆಯಾದ ಕಾಲಿಗೆ ಗಾಜು ಚುಚ್ಚಿದ್ದೂ ಗೊತ್ತಾಗುವುದಿಲ್ಲ. ತಂಗಿದ ಕಡೆಯಲ್ಲೆಲ್ಲ ಟಾರ್ಚ್ ಹಿಡಿದು ಅವರ ಅಂಗಾಲು ನೋಡುವ ಕೆಲಸ ನನ್ನದಾಗಿತ್ತು.