‘ಅಲ್ಲಿ’ ಬಿಡಿ, ‘ಡಬ್ಬಿ ಹಿಂದೆ’ ಅನ್ನಿ: ಪುಟ್ಟ ಮಕ್ಕಳಿಗೆ ಜಾಗದ ಪದ ಕಲಿಸೋದು ಹೇಗೆ

ಎರಡೂವರೆ ವರ್ಷದ ನನ್ನ ತಂಗಿ ಮಗನ ಮುಂದೆ ಒಂದು ಸ್ಟೀಲ್ ಡಬ್ಬಿ ಇಟ್ಟು, ಕೈಗೊಂದು ನಿಂಬೆಹಣ್ಣು ಕೊಟ್ಟು, "ಡಬ್ಬಿ ಒಳಗೆ ಹಾಕು ಪುಟ್ಟಾ" ಅಂದೆ. ಟಣ್ ಅಂತ ಹಾಕ್ದ, ಮನೆಯವರೆಲ್ಲ ಚಪ್ಪಾಳೆ ಹೊಡೆದ್ರು. ಅದೇ ಹಣ್ಣು ತೆಗೆದು ಮತ್ತೆ ಕೈಗೆ ಕೊಟ್ಟು "ಈಗ ಡಬ್ಬಿ ಪಕ್ಕ ಇಡು" ಅಂದೆ, ಒಳಗೇ ಹಾಕ್ದ. "ಡಬ್ಬಿ ಹಿಂದೆ ಇಡು" ಅಂದ್ರೂ ಒಳಗೇ. ಮೊದಲನೇ ಸಲವೂ ಅವನು ನನ್ನ ಮಾತು ಹಿಡಿದು ಹಾಕಿರ್ಲಿಲ್ಲ ಅಂತ ಆಗ ಗೊತ್ತಾಯ್ತು, ಬಾಯಿ ತೆರೆದಿರೋ ಡಬ್ಬಿ ಕಂಡ್ರೆ ಆ ವಯಸ್ಸಿನ ಕೈ ತಾನಾಗೇ ಒಳಗೆ ಹೋಗತ್ತೆ.

ಇದನ್ನ ಈವ್ ಕ್ಲಾರ್ಕ್ ಅನ್ನೋ ಭಾಷಾವಿಜ್ಞಾನಿ 1973ರಲ್ಲೇ ಬರೆದಿದ್ದಾರೆ. ತೀರಾ ಚಿಕ್ಕ ಮಕ್ಕಳಿಗೆ ಏನೇ ಹೇಳಿದ್ರೂ, ಎದುರಿಗಿರೋದು ಪಾತ್ರೆ ಥರ ಇದ್ರೆ ಒಳಗೆ ಹಾಕ್ತಾರೆ, ಚಪ್ಪಟೆ ಇದ್ರೆ ಮೇಲೆ ಇಡ್ತಾರೆ. ಅದಕ್ಕೇ ‘ಕೆಳಗೆ’ ಅನ್ನೋ ಪದದಲ್ಲೇ ಜಾಸ್ತಿ ತಪ್ಪೋದು, ಯಾಕಂದ್ರೆ ಯಾವ ವಸ್ತುವೂ ತಾನಾಗೇ ‘ನನ್ನ ಕೆಳಗೆ ಇಡು’ ಅಂತ ಕರೆಯಲ್ಲ. ಮೇಲೆ, ಕೆಳಗೆ, ಒಳಗೆ, ಹಿಂದೆ ಇವನ್ನ ಕಲಿಸುವಾಗ ನಾವು ನೋಡ್ಕೋಬೇಕಾಗಿರೋದು ಇದೊಂದನ್ನೇ, ಮಗುಗೆ ದಾರಿ ತೋರಿಸಿದ್ದು ನಮ್ಮ ಪದವೋ ಅಥವಾ ಆ ವಸ್ತು, ನಮ್ಮ ಬೆರಳು, ನಮ್ಮ ಕಣ್ಣೋ.

ಮೊದಲು ನಮ್ಮ ನಾಲಿಗೆ

ಒಂದು ದಿನ ನೀವೇ ಗಮನಿಸಿ. "ಚಪ್ಪಲಿ ಅಲ್ಲಿ ಬಿಡು", "ಅಲ್ಲೇ ಇದೆ ನೋಡೋ", "ಅಲ್ಲಲ್ಲ, ಇಲ್ಲಿ", ದಿನಕ್ಕೆ ಎಷ್ಟು ಸಲ ಹೇಳ್ತೀವೋ ಲೆಕ್ಕ ಇಲ್ಲ, ಜೊತೆಗೆ ಬೆರಳೂ ತೋರಿಸಿಬಿಡ್ತೀವಿ, ಕೆಲಸ ಆಗೋಗತ್ತೆ. ಮಗು ಬೆರಳು ನೋಡ್ತು, ಚಪ್ಪಲಿ ಬಿಡ್ತು, ಕಿವಿಗೆ ಜಾಗದ ಪದ ಒಂದೂ ಬೀಳ್ಲಿಲ್ಲ. ಹಾಗಾಗಿ ಮೊದಲನೇ ವಾರ ಮಗುಗೆ ಏನೂ ಕಲಿಸೋಕೆ ಹೋಗ್ಬೇಡಿ, ನೀವು ‘ಅಲ್ಲಿ’ ಬಿಟ್ಟು ಪೂರ್ತಿ ಹೇಳೋದು ರೂಢಿ ಮಾಡ್ಕೊಳ್ಳಿ ಸಾಕು. "ಚಪ್ಪಲಿ ಹೊಸ್ತಿಲಿಂದ ಹೊರಗೆ ಬಿಡು", "ಬಾಚಣಿಗೆ ಕನ್ನಡಿ ಮುಂದೆ ಇದೆ", "ಟವೆಲ್ ಬಾಗಿಲ ಹಿಂದೆ ನೇತಾಕಿದೀನಿ".

ಇದು ಸಣ್ಣ ವಿಷಯ ಅನ್ಸಬಹುದು. ಆದ್ರೆ ಅಮೆರಿಕದ ಶಿಕಾಗೋದಲ್ಲಿ ಸಂಶೋಧಕರು 52 ಮಕ್ಕಳ ಮನೆಗಳಲ್ಲಿ, ಮಗುಗೆ 14 ತಿಂಗಳಾದಾಗಿಂದ 46 ತಿಂಗಳಾಗೋವರೆಗೂ, ಅಪ್ಪ ಅಮ್ಮ ಮಕ್ಕಳ ಜೊತೆ ಆಡೋ ಮಾತನ್ನ ರೆಕಾರ್ಡ್ ಮಾಡಿ ನೋಡಿದ್ರು (2011ರಲ್ಲಿ ಪ್ರಕಟ ಆಯ್ತು). ಆಕಾರ, ಅಳತೆ, ಅಂಚು, ಮೂಲೆ ಇಂಥ ಪದಗಳನ್ನ ದೊಡ್ಡವರು ಜಾಸ್ತಿ ಬಳಸಿದ ಮನೆಗಳಲ್ಲಿ ಮಕ್ಕಳೂ ಜಾಸ್ತಿ ಬಳಸಿದ್ರು, ಅಂಥ ಮಕ್ಕಳು ನಾಲ್ಕೂವರೆ ವರ್ಷಕ್ಕೆ ಆಕಾರ ಜೋಡಿಸೋ ಥರದ ಪರೀಕ್ಷೆಗಳಲ್ಲೂ ಚೆನ್ನಾಗಿ ಮಾಡಿದ್ರು.

ಯಾವ ಪದ ಮೊದಲು

ಎಲ್ಲಾ ಪದ ಒಟ್ಟಿಗೆ ಒಂದೇ ಚಾರ್ಟ್‌ನಲ್ಲಿ ಹಾಕಿ ಗೋಡೆಗೆ ಅಂಟಿಸ್ಬೇಡಿ ದಯವಿಟ್ಟು. 1979ರಲ್ಲಿ ಜಾನ್ಸ್‌ಟನ್ ಮತ್ತು ಸ್ಲೋಬಿನ್ ಅನ್ನೋರು ಇಂಗ್ಲಿಷ್, ಇಟಾಲಿಯನ್, ಸರ್ಬೋ-ಕ್ರೊಯೇಷಿಯನ್, ಟರ್ಕಿಷ್ ಈ ನಾಲ್ಕು ಭಾಷೆಯ ಮಕ್ಕಳನ್ನ ಪರೀಕ್ಷೆ ಮಾಡಿದ್ರು, ನಾಲ್ಕರಲ್ಲೂ ಹೆಚ್ಚುಕಮ್ಮಿ ಒಂದೇ ಕ್ರಮ ಕಾಣಿಸ್ತು. ಒಳಗೆ, ಮೇಲೆ, ಕೆಳಗೆ, ಪಕ್ಕ ಮೊದಲು. ಆಮೇಲೆ ನಡುವೆ, ಮತ್ತೆ ಮುಖ ಇರೋ ವಸ್ತುವಿನ (ಹಸು ಗೊಂಬೆ, ಕುರ್ಚಿ ಥರದ್ದು) ಹಿಂದೆ-ಮುಂದೆ. ಕೊನೇಲಿ ಮುಖ ಇಲ್ಲದ ವಸ್ತುವಿನ (ಬಿಂದಿಗೆ ಥರದ್ದು) ಹಿಂದೆ-ಮುಂದೆ. ಇನ್ನೊಂದು ವಿಷಯವೂ ಸಿಕ್ತು, ಟರ್ಕಿಷ್ ಮಕ್ಕಳು ಈ ಪದಗಳನ್ನ ಇಂಗ್ಲಿಷ್ ಮಕ್ಕಳಿಗಿಂತ ಬೇಗ ಹಿಡಿದ್ರು, ಅದಕ್ಕೆ ಒಂದು ಕಾರಣ ಟರ್ಕಿಷ್‌ನಲ್ಲಿ ಜಾಗದ ಪದ ವಸ್ತುವಿನ ಹೆಸರಾದ ಮೇಲೆ ಬರತ್ತೆ, ನಮ್ಮ ‘ಮಂಚದ ಕೆಳಗೆ’ ಇದ್ದಹಾಗೆ. ಕನ್ನಡದ ರಚನೆಯೂ ಅದೇ ಆಗಿರೋದ್ರಿಂದ ಮೊದಲು ಕನ್ನಡದಲ್ಲೇ ಕಲಿಸಿ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಅದೂ ಮನೆಯ ಕನ್ನಡದಲ್ಲಿ. ಹುಬ್ಬಳ್ಳಿ ಧಾರವಾಡ ಕಡೆ ಮನೇಲಿ ‘ಮ್ಯಾಲ’, ‘ಬುಡಕ’, ‘ಬಾಜೂಕ’ ಅಂತಿದ್ರೆ ಅದನ್ನೇ ಹೇಳಿ, ಪುಸ್ತಕದ ‘ಪಕ್ಕದಲ್ಲಿ’ ಶಾಲೆಗೆ ಹೋದ್ಮೇಲೆ ತಾನೇ ಬರತ್ತೆ.

ಮೈ ಆಡಲಿ

ಚಿತ್ರ ಆಮೇಲೆ. ಮೊದಲು ಮಗುನೇ ಹೋಗಿ ಮಂಚದ ಕೆಳಗೆ ತೂರ್ಬೇಕು, ಅಜ್ಜ-ಅಜ್ಜಿ ನಡುವೆ ಕೂರ್ಬೇಕು, ಪರದೆ ಹಿಂದೆ ನಿಂತ್ಕೋಬೇಕು. ಕಣ್ಣಾಮುಚ್ಚಾಲೆ ಆಡುವಾಗ ಹುಡುಕೋರು ಸುಮ್ನೆ ಹುಡುಕದೆ ಬಾಯಿಬಿಟ್ಟು ಹೇಳ್ತಾ ಹೋಗಿ, "ಬೀರು ಪಕ್ಕ ಇದಾಳಾ? ಇಲ್ಲ. ಚಾಪೆ ಕೆಳಗೆ? ಇಲ್ಲ", ಒಳಗೆ ಬಚ್ಚಿಟ್ಕೊಂಡಿರೋ ಮಗು ಒಂದೊಂದು ಪದಾನೂ ಉಸಿರು ಹಿಡಿದು ಕೇಳ್ತಿರತ್ತೆ. ಮೂರು ದಾಟಿದ ಮಕ್ಕಳಿಗೆ ನಮ್ಮ ಕೆರೆ-ದಡ ಇದೆ, ಸೀಮೆಸುಣ್ಣದಲ್ಲಿ ವೃತ್ತ ಬರೆದು ‘ಕೆರೆ ಒಳಗೆ’, ‘ಕೆರೆ ಹೊರಗೆ’, ‘ಗೆರೆ ಮೇಲೆ’ ಅಂತ ಕೂಗಿದ್ರೆ ಮೂರು ಪದ ಕಾಲಲ್ಲೇ ಕೂರತ್ತೆ.

ಈಗ ಡಬ್ಬಿ, ನಿಂಬೆಹಣ್ಣು

ಇಲ್ಲಿ ನಿಧಾನ ಮಾಡಿ, ಆತುರ ಬೇಡ. ಮುಚ್ಚಳ ಇರೋ ಡಬ್ಬಿ ತಗೊಳ್ಳಿ, ಮುಚ್ಚಳ ಹಾಕಿಟ್ರೆ ‘ಮೇಲೆ’ ಸುಲಭ, ತೆಗೆದಿಟ್ರೆ ‘ಒಳಗೆ’ ಸುಲಭ, ಬೋರಲು ಹಾಕಿದ್ರೆ ಎರಡೂ ಬದಲಾಗತ್ತೆ. ಎರಡು ಮೂರು ದಿನ ಸುಲಭದ್ದನ್ನೇ ಕೇಳಿ, ಮಗುಗೆ ಖುಷಿ ಇರ್ಲಿ. ಆಮೇಲೆ ತಿರುಗಿಸಿ, ಡಬ್ಬಿ ತೆರೆದಿಟ್ಟು "ಪಕ್ಕ ಇಡು" ಅನ್ನಿ, ಡಬ್ಬಿ ಬೋರಲು ಹಾಕಿ "ಕೆಳಗೆ ಇಡು" ಅನ್ನಿ, ಆಗ ಡಬ್ಬಿ ಎತ್ತಿ ಹಣ್ಣು ಇಟ್ಟು ಮುಚ್ಚಿದ್ರೆ ಪದ ಬಂದಿದೆ ಅಂತ ಧೈರ್ಯವಾಗಿ ಹೇಳಬಹುದು. ಹೇಳುವಾಗ ಕೈ ಮಡಿಲಲ್ಲಿರ್ಲಿ, ಕಣ್ಣು ಮಗು ಮುಖದ ಮೇಲಿರ್ಲಿ. ನಾನು ತುಂಬಾ ದಿನ ಇದನ್ನ ಗಮನಿಸಿರ್ಲಿಲ್ಲ, ‘ಹಿಂದೆ’ ಅನ್ನುವಾಗ ನನ್ನ ಕಣ್ಣು ಡಬ್ಬಿ ಹಿಂದಕ್ಕೆ ಹೋಗ್ತಿತ್ತು, ಮಗು ಅದನ್ನ ನೋಡ್ಕೊಂಡು ಇಡ್ತಿತ್ತು.

ತಪ್ಪಾದ್ರೆ "ಅಲ್ಲ" ಅಂತ ಗದರಬೇಡಿ, ಮಗು ಮಾಡಿದ್ದಕ್ಕೆ ಸರಿಯಾದ ಪದ ಕೊಡಿ, "ಓ, ನೀನು ಒಳಗೆ ಹಾಕ್ದೆ. ನಾನು ಪಕ್ಕ ಇಡ್ತೀನಿ ನೋಡು". ಒಂದೇ ತಪ್ಪಲ್ಲಿ ಎರಡು ಪದ ಕೇಳಿಸ್ತು.

ಇಲ್ಲೇ ಕನ್ನಡದ ಒಂದು ತೊಡಕು ಹೇಳ್ಬೇಕು. "ಕೆಳಗೆ ಇಡು" ಅಂದ್ರೆ ನಮಗೆ ನೆಲದ ಮೇಲೆ ಅಂತಲೂ ಆಗತ್ತೆ, ಟೇಬಲ್ ಅಡಿ ಅಂತಲೂ ಆಗತ್ತೆ. ಕೈಯಲ್ಲಿರೋ ಲೋಟ "ಕೆಳಗೆ ಇಡಮ್ಮ" ಅಂತ ದಿನಾ ಕೇಳಿರೋ ಮಗು, ‘ಟೇಬಲ್ ಕೆಳಗೆ ಇಡು’ ಅಂದಾಗ ಟೇಬಲ್ ಪಕ್ಕ ನೆಲದ ಮೇಲೆ ಇಟ್ರೆ ಅದು ದಡ್ಡತನ ಅಲ್ವೇ ಅಲ್ಲ, ಅದು ತನಗೆ ಗೊತ್ತಿರೋ ಅರ್ಥವನ್ನೇ ಬಳಸಿದೆ. ಕಲಿಸೋ ಸಮಯದಲ್ಲಿ ಒಂದಕ್ಕೆ ‘ನೆಲದ ಮೇಲೆ’, ಇನ್ನೊಂದಕ್ಕೆ ‘ಟೇಬಲ್ ಅಡಿ’ ಅಂತ ಬೇರೆ ಮಾಡಿಬಿಡಿ.

‘ನಡುವೆ’ಗೆ ಮಸಾಲೆ ಡಬ್ಬಿಗಿಂತ ಒಳ್ಳೆ ಸಾಮಾನು ಸಿಗಲ್ಲ. ಸುತ್ತ ಬಟ್ಟಲು, ಮಧ್ಯ ಒಂದು. "ಸಾಸಿವೆಗೂ ಮೆಂತ್ಯಕ್ಕೂ ನಡುವೆ ಏನಿದೆ?" ಅಂತ ಕೇಳಿದಾಗ ಮಗು ಎರಡು ಬಟ್ಟಲು ನೆನಪಲ್ಲಿಟ್ಕೊಂಡು ಮೂರನೇದನ್ನ ಹುಡುಕ್ಬೇಕು. ಮೂರು ದಾಟೋವರೆಗೂ ಇದು ಕಷ್ಟ, ಕಾಯಿರಿ.

ಹಿಂದೆ, ಮುಂದೆ

ಸ್ಕೂಟರ್, ಕುರ್ಚಿ, ಹಸು ಗೊಂಬೆ ಇವಕ್ಕೆ ಮುಖ ಇದೆ, ಬೆನ್ನಿದೆ, ಎಲ್ಲಿಂದ ನೋಡಿದ್ರೂ ಹಸುವಿನ ಹಿಂದೆ ಅಂದ್ರೆ ಬಾಲದ ಕಡೆ. ಬಿಂದಿಗೆಗೆ ಮುಖ ಎಲ್ಲಿದೆ? ನಾನು ನಿಂತಿರೋ ಕಡೆಯಿಂದ ಆಚೆ ಬದಿ ನನಗೆ ‘ಹಿಂದೆ’, ಎದುರು ಕೂತ ಮಗುಗೆ ಅದೇ ಜಾಗ ‘ಮುಂದೆ’. ಎಷ್ಟೋ ಅಮ್ಮಂದಿರು ಎದುರುಬದುರು ಕೂತು ಕಲಿಸ್ತಾ, ಮಗು ಸರಿಯಾಗಿ ಇಟ್ರೂ ತಪ್ಪು ಅಂತಿರ್ತಾರೆ, ನೋಡಿದಾಗೆಲ್ಲ ನನಗೆ ಹೊಟ್ಟೆ ಚುರುಕ್ ಅನ್ನತ್ತೆ. ಹಿಂದೆ-ಮುಂದೆ ಕಲಿಸುವಾಗ ಮಗು ಎದುರು ಕೂರ್ಬೇಡಿ, ಪಕ್ಕ ಕೂತ್ಕೊಳ್ಳಿ, ಇಬ್ರಿಗೂ ಒಂದೇ ನೋಟ ಸಿಗ್ಬೇಕು. ಮೊದಲು ಹಸು, ಆಮೇಲೆ ಬಿಂದಿಗೆ. ಬಿಂದಿಗೆ ದೊಡ್ಡದಿದ್ದು ಗೊಂಬೆ ಚಿಕ್ಕದಿರ್ಲಿ, ಹಿಂದೆ ಇಟ್ಟಾಗ ಪೂರ್ತಿ ಮರೆಯಾದ್ರೆ ‘ಹಿಂದೆ’ ಬೇಗ ಹತ್ತತ್ತೆ.

ಎಡ-ಬಲ ಈ ಲೆಕ್ಕಕ್ಕೇ ಬರಲ್ಲ, ಐದಾರು ವರ್ಷದವರೆಗೂ ಸ್ವಂತ ಕೈ ಗುರುತು ಹಿಡಿದ್ರೆ ದೊಡ್ಡದು, ಎದುರಿಗಿರೋರ ಎಡ-ಬಲ ಇನ್ನೂ ತಡ. ‘ಊಟದ ಕೈ ಬಲಗೈ’ ಅಂತ ಹೇಳ್ಕೊಡೋ ಮುಂಚೆ ಮಗು ಎಡಚ ಅಲ್ವಾ ನೋಡ್ಕೊಳ್ಳಿ, ಆಗಿದ್ರೆ ಬಲ ಮಣಿಕಟ್ಟಿಗೆ ಒಂದು ದಾರ ಕಟ್ಟಿ ಸಾಕು.

ಇಂಗ್ಲಿಷ್ ಬಂದಾಗ

ಎಲ್‌ಕೆಜಿ ಮಗು "ಬಾಲ್ ಟೇಬಲ್ ಆನ್" ಅಂದ್ರೆ ಜಾಗ ಅರ್ಥ ಆಗಿದೆ, ಪದಗಳ ಸಾಲು ಮಾತ್ರ ಕನ್ನಡದ್ದು. ಮೂರು ಚೀಟಿ ಮಾಡಿ, ಒಂದರಲ್ಲಿ ಚೆಂಡಿನ ಚಿತ್ರ, ಒಂದರಲ್ಲಿ ಟೇಬಲ್, ಇನ್ನೊಂದರಲ್ಲಿ ಬಾಣದ ಗುರುತು. ಕನ್ನಡಕ್ಕೆ ಬಾಣ ಕೊನೇಲಿ, ಇಂಗ್ಲಿಷಿಗೆ ಬಾಣ ನಡುವೆ, ಮಗುನೇ ಚೀಟಿ ಜರುಗಿಸಿ ಎರಡೂ ಭಾಷೇಲಿ ಹೇಳ್ಲಿ. ‘ಮೇಲೆ’ಗೆ ಇಂಗ್ಲಿಷಲ್ಲಿ ಎರಡು ಮೂರು ಪದ ಇರೋದ್ರಿಂದ ಹಲ್ಲಿ-ಫ್ಯಾನ್ ಲೆಕ್ಕ ಹೇಳ್ಕೊಡಿ, ಹಲ್ಲಿ ಗೋಡೆಗೆ ಅಂಟಿಕೊಂಡಿದೆ ಅದಕ್ಕೆ ‘ಆನ್’, ಫ್ಯಾನ್ ತಲೆಗೆ ತಾಗದೆ ಮೇಲಿದೆ ಅದಕ್ಕೆ ‘ಅಬವ್’. ನಮಗೆ ಬಸ್ಸಲ್ಲೂ ‘ಅಲ್ಲಿ’, ಕಾರಲ್ಲೂ ‘ಅಲ್ಲಿ’, ಅವರಿಗೆ ಬಸ್ಸಿಗೆ ‘ಆನ್’, ಕಾರಿಗೆ ‘ಇನ್’. ಇದನ್ನ ಮಾತ್ರ ಈಗ ಮುಟ್ಟಬೇಡಿ, ಎರಡನೇ ಕ್ಲಾಸಿಗೆ ಬರ್ಲಿ, ಆಗ ನೋಡ್ಕೊಳ್ಳೋಣ.