ಮಳೆ ನಕ್ಷತ್ರಗಳನ್ನು ಚಳಿಗಾಲದಲ್ಲಿ ಹುಡುಕಿ

ರೋಹಿಣಿ, ಮೃಗಶಿರ, ಆರಿದ್ರಾ ಎಂದು ರೈತರು ಮಳೆ ಎಣಿಸುತ್ತಾರಲ್ಲ, ಆ ಹೆಸರಿನ ನಕ್ಷತ್ರಗಳು ಆ ಮಳೆಯ ದಿನಗಳಲ್ಲಿ ಕಾಣುವುದೇ ಇಲ್ಲ. ಸೂರ್ಯ ಆಗ ಅವುಗಳ ಬಳಿಯೇ ಇರುವುದರಿಂದ ಹಗಲಿನಲ್ಲಿ ಹುಟ್ಟಿ ಹಗಲಿನಲ್ಲೇ ಮುಳುಗುತ್ತವೆ. ಆರೇಳು ತಿಂಗಳು ಕಳೆದು ಚಳಿಗಾಲ ಬಂದಾಗ ಅವು ರಾತ್ರಿಯ ಆಕಾಶವನ್ನು ಆಳುತ್ತವೆ. ಹವ್ಯಾಸ ಶುರುಮಾಡಲು ಇದೇ ತಕ್ಕ ಕಾಲ.

ಮೊದಲು ದಿನ ಗೊತ್ತುಮಾಡಿಕೊಳ್ಳಿ. ಅಮಾವಾಸ್ಯೆಯ ಹಿಂದುಮುಂದಿನ ನಾಲ್ಕೈದು ದಿನ ಚಂದ್ರನ ಕಾಟವಿರದು. ಎಳ್ಳಮಾವಾಸ್ಯೆಗೆ ಚರಗ ಚೆಲ್ಲಲು ಹೊಲಕ್ಕೆ ಹೋಗುವ ಉತ್ತರ ಕರ್ನಾಟಕದವರು ರಾತ್ರಿ ಒಂಬತ್ತರವರೆಗೆ ಅಲ್ಲೇ ಉಳಿದರಾಯಿತು. ನಗರದವರು ಬೀದಿದೀಪ ನೇರವಾಗಿ ಕಣ್ಣಿಗೆ ಹೊಡೆಯದ ತಾರಸಿ ನೋಡಿಕೊಳ್ಳಲಿ. ಕತ್ತಲಿಗೆ ಕಣ್ಣು ಹೊಂದಿಕೊಳ್ಳಲು ಕನಿಷ್ಠ 20 ನಿಮಿಷ ಬೇಕು. ನಡುವೆ ಮೊಬೈಲ್ ತೆರೆದರೆ ಲೆಕ್ಕ ಮತ್ತೆ ಮೊದಲಿನಿಂದ. ಟಾರ್ಚ್ ಬೇಕೇ ಬೇಕೆಂದರೆ ಅದಕ್ಕೆ ಕೆಂಪು ಬಣ್ಣದ ಪಾರದರ್ಶಕ ಕಾಗದ ಕಟ್ಟಿ.

ದೂರದರ್ಶಕ ಈಗಲೇ ಬೇಡ. ಗಾಳಿಗೆ ಅಲುಗಾಡುವ ಅಗ್ಗದ ಸ್ಟ್ಯಾಂಡು ಎಷ್ಟೋ ಮಕ್ಕಳ ಆಸಕ್ತಿಯನ್ನೇ ಕೊಂದಿದೆ. ದುಡ್ಡು ಹಾಕುವುದಾದರೆ 7×50 ಅಥವಾ 10×50 ಬೈನಾಕ್ಯುಲರ್ ಕೊಳ್ಳಿ (ಮೊದಲ ಅಂಕಿ ಎಷ್ಟು ಪಟ್ಟು ಹಿಗ್ಗಿಸುತ್ತದೆ ಎಂಬುದು, ಎರಡನೆಯದು ಮುಂದಿನ ಮಸೂರದ ಮಿಲಿಮೀಟರ್ ಅಗಲ).

ಜನವರಿ ನಡುಭಾಗದಲ್ಲಿ ರಾತ್ರಿ ಎಂಟಕ್ಕೆ ಪೂರ್ವಕ್ಕೆ ಮುಖಮಾಡಿ ನಿಲ್ಲಿ. ಅರ್ಧ ಆಕಾಶಕ್ಕಿಂತ ತುಸು ಮೇಲೆ ಮೂರು ನಕ್ಷತ್ರಗಳು ಒಂದೇ ಗೆರೆಯಲ್ಲಿ ನಿಂತಿರುತ್ತವೆ. ಅದು ಮಹಾವ್ಯಾಧನ, ಅಂದರೆ ಬೇಟೆಗಾರನ ಆಕಾರದ ಓರಾಯನ್ ನಕ್ಷತ್ರಪುಂಜದ, ನಡುಪಟ್ಟಿ. ಅದರ ಎಡಕ್ಕೆ ಕೆಂಪಗೆ ಆರಿದ್ರಾ, ಬಲಕ್ಕೆ ನೀಲಿ ಬೆರೆತ ಬಿಳುಪಿನ ರೈಜೆಲ್. ಕೈಯನ್ನು ನೀಳವಾಗಿ ಚಾಚಿದರೆ ಇವೆರಡರ ನಡುವೆ ಸುಮಾರು ಎರಡು ಮುಷ್ಟಿ ಹಿಡಿಸುತ್ತದೆ. ಆರಿದ್ರಾದ ಸ್ವಲ್ಪ ಮೇಲಿರುವ ಮೂರು ಮಸುಕು ಚುಕ್ಕೆಗಳ ಗುಂಪೇ ಮೃಗಶಿರ.

ಪಟ್ಟಿಯ ಗೆರೆಯನ್ನು ಕೆಳಕ್ಕೆ ಎಳೆದರೆ ಸಿಗುವುದು ಲುಬ್ಧಕ, ಇರುಳಿನ ಅತ್ಯಂತ ಪ್ರಕಾಶಮಾನ ನಕ್ಷತ್ರ. ದಿಗಂತದ ಹತ್ತಿರವಿದ್ದಾಗ ಬಣ್ಣ ಬಣ್ಣವಾಗಿ ಮಿನುಗುವ ಇದನ್ನು ವಿಮಾನವೆಂದುಕೊಂಡವರುಂಟು. ಅದೇ ಗೆರೆ ಮೇಲಕ್ಕೆ ಹೋದರೆ ರೋಹಿಣಿ, ಇನ್ನೂ ಆಚೆಗೆ ಕೃತ್ತಿಕೆಯ ಗೊಂಚಲು. ಬರಿಗಣ್ಣಿಗೆ ಹೆಚ್ಚಿನವರು ಆರು ಎಣಿಸುತ್ತಾರೆ. ಬೈನಾಕ್ಯುಲರ್‌ನಲ್ಲಿ ಹತ್ತಾರು ಕಾಣುತ್ತವೆ.

ಈಗ ಪಟ್ಟಿಗೆ ಮರಳಿ. ಅದರ ಬಲಕ್ಕೆ ಸಣ್ಣ ಚುಕ್ಕೆಗಳ ಒಂದು ಗೀಟಿದೆ. ನಡುವಿನ ಚುಕ್ಕೆ ಎಷ್ಟು ದಿಟ್ಟಿಸಿದರೂ ಸ್ಪಷ್ಟವಾಗುವುದಿಲ್ಲ, ಮಂಜು ಹಿಡಿದಂತಿರುತ್ತದೆ. ಕಣ್ಣಿನ ದೋಷವಲ್ಲ, ಅದು ಸುಮಾರು 1,300 ಜ್ಯೋತಿರ್ವರ್ಷ ದೂರದ ನೀಹಾರಿಕೆ; ಹೊಸ ನಕ್ಷತ್ರಗಳು ಹುಟ್ಟುತ್ತಿರುವ ಅನಿಲ ಮತ್ತು ದೂಳಿನ ಮೋಡ. ದೃಷ್ಟಿಯನ್ನು ಅದರ ಪಕ್ಕಕ್ಕೆ ತುಸು ಸರಿಸಿದರೆ ಮಂಜು ಇನ್ನಷ್ಟು ಹರಡಿಕೊಳ್ಳುತ್ತದೆ, ಏಕೆಂದರೆ ಮಂದ ಬೆಳಕನ್ನು ಕಣ್ಣಿನ ಅಂಚು ಹೆಚ್ಚು ಚೆನ್ನಾಗಿ ಹಿಡಿಯುತ್ತದೆ.

ಜೊತೆಗೊಂದು ನೋಟ್‌ಬುಕ್ ಇರಲಿ. ಆರಿದ್ರಾದ ಹೊಳಪು ಹೆಚ್ಚೋ ರೋಹಿಣಿಯದು ಹೆಚ್ಚೋ ಎಂದು ವಾರಕ್ಕೊಮ್ಮೆ ಹೋಲಿಸಿ ಬರೆದಿಡಿ. 2019ರ ಕೊನೆಯಿಂದ 2020ರ ಆರಂಭದವರೆಗೆ ಆರಿದ್ರಾ ಎಷ್ಟು ಮಂಕಾಯಿತೆಂದರೆ, ಬರಿಗಣ್ಣಿನವರಿಗೂ ವ್ಯತ್ಯಾಸ ತಿಳಿಯುತ್ತಿತ್ತು. ಅದೇ ಉಗುಳಿದ ದೂಳು ಅದಕ್ಕೆ ಅಡ್ಡಬಂದಿತ್ತು.

ನಕ್ಷತ್ರಗಳು ದಿನಕ್ಕೆ ನಾಲ್ಕು ನಿಮಿಷ ಮೊದಲೇ ಹುಟ್ಟುತ್ತವೆ, ಅಂದರೆ ತಿಂಗಳಿಗೆ ಎರಡು ಗಂಟೆ. ಹಾಗಾಗಿ ಫೆಬ್ರುವರಿ ನಡುವಿಗೆ ರಾತ್ರಿ ಒಂಬತ್ತಕ್ಕೆ ದಕ್ಷಿಣಕ್ಕೆ ತಿರುಗಿದರೆ ಅಗಸ್ತ್ಯ (ಕ್ಯಾನೋಪಸ್) ನಕ್ಷತ್ರ ಸಿಗುತ್ತದೆ. ದೆಹಲಿಯವರಿಗೆ ಅದು ಒಂದು ಮುಷ್ಟಿ ಎತ್ತರಕ್ಕೂ ಏರದು. ಬೆಂಗಳೂರಿನಲ್ಲಿ ಹೆಚ್ಚುಕಡಿಮೆ ಎರಡೂವರೆ ಮುಷ್ಟಿ. ಮೇ ನಡುಭಾಗದಲ್ಲಿ ಅದೇ ಹೊತ್ತಿಗೆ ಅದೇ ದಿಕ್ಕಿನಲ್ಲಿ, ಇನ್ನೂ ಕೆಳಗೆ, ಶಿಲುಬೆಯಾಕಾರದ ತ್ರಿಶಂಕು ಪುಂಜದ (ಸದರ್ನ್ ಕ್ರಾಸ್) ನಾಲ್ಕು ನಕ್ಷತ್ರಗಳಿರುತ್ತವೆ. ಅದಕ್ಕೆ ಮಾತ್ರ ದಕ್ಷಿಣ ದಿಗಂತ ಪೂರ್ತಿ ತೆರೆದಿರುವ ಜಾಗವನ್ನು ಹಗಲಿನಲ್ಲೇ ನೋಡಿಟ್ಟುಕೊಳ್ಳಿ.