ಮುಹೂರ್ತದ ಲೈವ್ ಕೈಕೊಡದಿರಲು, ಮದುವೆ ಫೋಟೊ ದಾರಿ ತಪ್ಪದಿರಲು

ಮದುವೆಗೆ ಬರಲಾಗದ ಅಜ್ಜಿಗೆ, ರಜೆ ಸಿಗದೆ ನ್ಯೂಜೆರ್ಸಿಯಲ್ಲಿ ಉಳಿದ ಅಣ್ಣನಿಗೆ ಬೇಕಾದದ್ದು ಮುಹೂರ್ತ, ಅದೂ ಆ ಗಳಿಗೆಯಲ್ಲೇ. ಛತ್ರಕ್ಕೆ ಬಂದು ಉಂಡು ಹೋದವರಿಗೆ ಬೇಕಾದದ್ದು ತಾವಿರುವ ಫೋಟೊ. ಆಫೀಸಿನವರಿಗೂ ಹಳೇ ಕ್ಲಾಸ್‌ಮೇಟ್‌ಗಳಿಗೂ ನಾಲ್ಕು ಒಳ್ಳೆ ಚಿತ್ರ ಸಾಕು. ಮೂವರಿಗೂ ಒಂದೇ ಕಡೆ ಎಲ್ಲ ಸುರಿಯಬೇಡಿ. ಲೈವ್‌ಗೆ ಯೂಟ್ಯೂಬ್, ನೆಂಟರ ಫೋಟೊಗೆ ಗೂಗಲ್ ಫೋಟೋಸ್, ಹೊರಗಿನವರಿಗೆ ಇನ್‌ಸ್ಟಾಗ್ರಾಂ ಎಂದು ಮೊದಲೇ ಬೇರೆ ಮಾಡಿಕೊಳ್ಳಿ. ಹೆಚ್ಚು ತಯಾರಿ ಬೇಕಿರುವುದು ಲೈವ್‌ಗೆ. ಫೋಟೊ ನಾಳೆಯೂ ಹಾಕಬಹುದು, ಗಟ್ಟಿಮೇಳ ಮತ್ತೊಮ್ಮೆ ಆಗುವುದಿಲ್ಲ.

ಚಾನೆಲ್ ಕೆಲಸ ಒಂದು ವಾರ ಮುಂಚೆ

ಹೊಸ ಯೂಟ್ಯೂಬ್ ಚಾನೆಲ್‌ನಲ್ಲಿ ಲೈವ್ ತಕ್ಷಣ ಸಿಗುವುದಿಲ್ಲ. ಫೋನ್ ನಂಬರ್ ಖಚಿತಪಡಿಸಿ, ಲೈವ್ ಸೌಲಭ್ಯ ಕೇಳಿಕೊಂಡ ಮೇಲೆ 24 ಗಂಟೆವರೆಗೂ ಕಾಯಬೇಕಾಗಬಹುದು. ಮೊಬೈಲ್ ಆ್ಯಪ್‌ನಿಂದಲೇ ಲೈವ್ ಹೋಗಬೇಕೆಂದರೆ ಕನಿಷ್ಠ 50 ಚಂದಾದಾರರಿರಬೇಕು. ಮನೆಯ ವಾಟ್ಸ್ಆ್ಯಪ್ ಗುಂಪಿನಲ್ಲಿ ಒಂದು ಮಾತು ಹೇಳಿದರೆ ಐವತ್ತು ಜನ ಸೇರುವುದು ಕಷ್ಟವಲ್ಲ, ಆದರೆ ಮದುವೆ ಬೆಳಗ್ಗೆ ಅದನ್ನು ಮಾಡಲು ಯಾರಿಗೂ ಪುರುಸೊತ್ತಿರುವುದಿಲ್ಲ. ಲ್ಯಾಪ್‌ಟಾಪ್ ಮತ್ತು ಲೈವ್ ಪ್ರಸಾರಕ್ಕೆ ಬಳಸುವ ಓಬಿಎಸ್ ತಂತ್ರಾಂಶದಿಂದ ಹೋದರೆ ಈ ಮಿತಿ ಇಲ್ಲ.

ಲೈವ್ ಅನ್ನು ಮೊದಲೇ ಶೆಡ್ಯೂಲ್ ಮಾಡಿ, 'ಅನ್‌ಲಿಸ್ಟೆಡ್' ಆಯ್ಕೆ ಮಾಡಿ. ಆಗ ಲಿಂಕ್ ಇದ್ದವರಿಗೆ ಮಾತ್ರ ಕಾಣುತ್ತದೆ. 'ಮಕ್ಕಳಿಗಾಗಿ ಮಾಡಿದ್ದು' ಎಂಬ ಪ್ರಶ್ನೆಗೆ 'ಅಲ್ಲ' ಎನ್ನಿ, ಇಲ್ಲದಿದ್ದರೆ ಚಾಟ್ ಮುಚ್ಚಿಹೋಗಿ ದೂರದವರ ಆಶೀರ್ವಾದಕ್ಕೆ ಜಾಗವೇ ಇರುವುದಿಲ್ಲ. ಡಿವಿಆರ್ ಚಾಲೂ ಇರಲಿ, ತಡವಾಗಿ ಬಂದವರು ಹಿಂದಕ್ಕೆ ಎಳೆದು ಕಾಶಿಯಾತ್ರೆ ನೋಡಿಕೊಳ್ಳುತ್ತಾರೆ. ಓಬಿಎಸ್ ಬಳಸುವವರು ಯೂಟ್ಯೂಬ್‌ನ 'ಆಟೊ ಸ್ಟಾಪ್' ಆಫ್ ಮಾಡಿಡಬೇಕು. ಇಲ್ಲದಿದ್ದರೆ ನೆಟ್ ಕಡಿದಾಗ ಲೈವ್ ಮುಗಿದೇ ಹೋಗುತ್ತದೆ, ಒಮ್ಮೆ ಮುಗಿದ ಲೈವ್ ಅದೇ ಲಿಂಕ್‌ನಲ್ಲಿ ಮತ್ತೆ ಏಳುವುದಿಲ್ಲ. ಇದೇ ಕಾರಣಕ್ಕೆ ಪರೀಕ್ಷೆಯನ್ನು ಬೇರೆ ಲಿಂಕ್‌ನಲ್ಲಿ ಮಾಡಿ.

12 ಗಂಟೆ ಮೀರಿದ ಲೈವ್ ಪೂರ್ತಿಯಾಗಿ ಉಳಿಯುತ್ತದೆಂದು ನಂಬುವಂತಿಲ್ಲ. ಬೆಳಗಿನ ಧಾರೆಗೆ ಒಂದು, ಸಂಜೆಯ ಆರತಕ್ಷತೆಗೆ ಇನ್ನೊಂದು ಮಾಡಿ.

ಫೋಟೊಗ್ರಾಫರೇ ಲೈವ್ ಮಾಡುವುದಾದರೆ, ಯಾರ ಚಾನೆಲ್‌ನಲ್ಲಿ ಎಂದು ಮುಂಗಡ ಕೊಡುವಾಗಲೇ ಕೇಳಿ. ಅವರ ಚಾನೆಲ್‌ಗೆ ಹೋದರೆ ನಿಮ್ಮ ಮದುವೆ ಅವರ ಜಾಹೀರಾತಾಗುತ್ತದೆ.

ನೆಟ್, ಕರೆಂಟ್, ಶಾಖ

720ಪಿ ಗುಣಮಟ್ಟದ ಚಿತ್ರಕ್ಕೆ ಬಿಟ್‌ರೇಟ್ (ಸೆಕೆಂಡಿಗೆ ಕಳಿಸುವ ಡೇಟಾ) ಸುಮಾರು 3 ಎಂಬಿಪಿಎಸ್ ಇಟ್ಟುಕೊಳ್ಳಿ, ಮದುವೆಗೆ ಧಾರಾಳ ಸಾಕು. ಅಪ್‌ಲೋಡ್ ವೇಗ ಇದರ ಎರಡರಷ್ಟು ಇರಬೇಕು. ಸ್ಪೀಡ್ ಟೆಸ್ಟ್‌ನಲ್ಲಿ ದೊಡ್ಡದಾಗಿ ಕಾಣುವ ಡೌನ್‌ಲೋಡ್ ಅಂಕಿ ಇಲ್ಲಿ ಕೆಲಸಕ್ಕೆ ಬಾರದು. ಈ ಲೆಕ್ಕದಲ್ಲಿ ಗಂಟೆಗೆ 1.35 ಜಿಬಿ, ನಾಲ್ಕು ಗಂಟೆಗೆ 5.4 ಜಿಬಿ ಖರ್ಚು. ದಿನಕ್ಕೆ 2 ಜಿಬಿ ಕೊಡುವ ಪ್ಯಾಕ್ ಒಂದೂವರೆ ಗಂಟೆಗೆ ಬರಿದಾಗುತ್ತದೆ, ಅಂದರೆ ವರಪೂಜೆಗೆ ಶುರು ಮಾಡಿದ್ದು ಧಾರೆಗೆ ಸರಿಯಾಗಿ ಕೈಕೊಡುತ್ತದೆ. ಹೆಚ್ಚುವರಿ ಡೇಟಾ ಮೊದಲೇ ಹಾಕಿಸಿ.

ಹಿಂದಿನ ದಿನ ಖಾಲಿ ಛತ್ರದಲ್ಲಿ ಬಂದ ವೇಗವನ್ನು ನಂಬಬೇಡಿ. ಎಂಟುನೂರು ಜನರ ಫೋನ್ ಒಂದೇ ಟವರ್‌ಗೆ ಜೋತುಬಿದ್ದಾಗ ಅದರಲ್ಲಿ ಅರ್ಧವೂ ಉಳಿಯದಿರಬಹುದು. ಛತ್ರದಲ್ಲಿ ಬ್ರಾಡ್‌ಬ್ಯಾಂಡ್ ಇದ್ದರೆ ಮ್ಯಾನೇಜರ್‌ಗೆ ಹೇಳಿ ವೈಫೈ ಬದಲು ಕೇಬಲ್ಲನ್ನೇ ಮಂಟಪದವರೆಗೆ ಎಳೆಸಿ. ಬೇರೆ ಕಂಪನಿಯ ಸಿಮ್ ಇರುವ ಹಾಟ್‌ಸ್ಪಾಟ್ ಜೊತೆಗಿರಲಿ. ಕರೆಂಟ್ ಹೋಗಿ ಜನರೇಟರ್ ಹೊತ್ತಿಕೊಳ್ಳುವ ಕೆಲವೇ ಸೆಕೆಂಡಿನಲ್ಲಿ ರೂಟರ್ ಆರಿ, ಮತ್ತೆ ಏಳಲು ಒಂದೆರಡು ನಿಮಿಷ ತಿನ್ನುತ್ತದೆ. ರೂಟರ್‌ಗೆ ಒಂದು ಚಿಕ್ಕ ಯುಪಿಎಸ್ ಕೊಟ್ಟರೆ ಈ ತಲೆನೋವಿಲ್ಲ.

ಲೈವ್ ಫೋನಿನಲ್ಲಿ ಸಿಮ್ ಇರದಿದ್ದರೆ ಒಳ್ಳೆಯದು. "ಛತ್ರಕ್ಕೆ ದಾರಿ ಯಾವುದು?" ಎಂಬ ಒಂದು ಕರೆ ಸಾಕು, ಪ್ರಸಾರ ನಿಲ್ಲಲು. ವೈಶಾಖದ ಸೆಕೆಯಲ್ಲಿ ಫೋನ್ ಕಾದು ತಾನೇ ಆಫ್ ಆಗಬಹುದು. ಕವರ್ ಬಿಚ್ಚಿ, ವಿಡಿಯೊ ದೀಪದ ಕೆಳಗೆ ಇಡಬೇಡಿ, ಪಕ್ಕದಲ್ಲಿ ಫ್ಯಾನ್ ಇರಲಿ.

ಮಂತ್ರ ಕೇಳಿಸಬೇಕು

ಚಿತ್ರ ಮಸುಕಾದರೂ ನೋಡುವವರು ತಾಳಿಕೊಳ್ಳುತ್ತಾರೆ, ಬರೀ ಗದ್ದಲ ಕೇಳಿಸಿದರೆ ಐದೇ ನಿಮಿಷಕ್ಕೆ ಮುಚ್ಚುತ್ತಾರೆ. ಫೋನಿನ ಮೈಕ್ ಹತ್ತಿರದ ಸದ್ದನ್ನೇ ಹಿಡಿಯುವುದು, ಮತ್ತು ಹತ್ತಿರ ಇರುವುದು ವಾಲಗ. ಪುರೋಹಿತರ ಒಪ್ಪಿಗೆ ಪಡೆದು ಶಲ್ಯದ ಅಂಚಿಗೆ ವೈರ್‌ಲೆಸ್ ಕಾಲರ್ ಮೈಕ್ ಸಿಕ್ಕಿಸಿ. ಅದರ ರಿಸೀವರ್ ಫೋನಿನ ಚಾರ್ಜಿಂಗ್ ಕಿಂಡಿಯಲ್ಲೇ ಕೂರುವುದರಿಂದ, ಚಾರ್ಜ್ ದಾಟಿಸುವ ಕಿಂಡಿ ಇರುವ ಮಾದರಿಯನ್ನೇ ತನ್ನಿ. ಇಲ್ಲದಿದ್ದರೆ ಮೈಕ್ ಅಥವಾ ಬ್ಯಾಟರಿ, ಎರಡರಲ್ಲಿ ಒಂದನ್ನು ಬಿಡಬೇಕಾಗುತ್ತದೆ.

ಗಟ್ಟಿಮೇಳದ ಹೊತ್ತಿಗೆ ನಾದಸ್ವರ, ಡೋಲು ಒಮ್ಮೆಲೇ ಏರಿ ಸದ್ದು ಒಡೆಯುತ್ತದೆ. ಹಿಂದಿನ ಸಂಜೆ ವಾಲಗದವರು ಬಂದಾಗಲೇ ಒಮ್ಮೆ ಜೋರಾಗಿ ಊದಲು ಕೇಳಿಕೊಂಡು, ಸದ್ದು ತೋರಿಸುವ ಅಳತೆಗೆರೆ ಮುಕ್ಕಾಲು ದಾಟದಂತೆ ಮೈಕ್‌ನ ಮಟ್ಟ ಇಳಿಸಿ.

ಫೋನ್ ಅಡ್ಡಲಾಗಿರಲಿ, ಟ್ರೈಪಾಡ್ ಆರೇಳು ಅಡಿ ಎತ್ತರಕ್ಕಿರಲಿ. ಮಾಂಗಲ್ಯಧಾರಣೆಗೆ ಎಲ್ಲರೂ ಅಕ್ಷತೆ ಹಿಡಿದು ಎದ್ದು ನಿಲ್ಲುತ್ತಾರೆ. ಮಂಟಪದ ಎದುರು ಸೊಂಟದ ಎತ್ತರದಲ್ಲಿಟ್ಟ ಕ್ಯಾಮೆರಾಗೆ ಆಗ ಕಾಣುವುದು ಸೀರೆ ಸೆರಗು, ಪಂಚೆ ಅಂಚು ಮಾತ್ರ. ವಧೂವರರು ಯಾವ ದಿಕ್ಕಿಗೆ ನಿಲ್ಲುತ್ತಾರೆ, ಅಂತರಪಟ ಎಲ್ಲಿ ಹಿಡಿಯುತ್ತಾರೆ ಎಂದು ಪುರೋಹಿತರನ್ನು ಕೇಳಿ ಪಕ್ಕದ ಕೋನ ಆರಿಸಿ, ಆ ಜಾಗ ನಿಮ್ಮದೆಂದು ಫೋಟೊಗ್ರಾಫರ್‌ಗೂ ತಿಳಿಸಿ. ಹಿಂದೆ ಎಲ್‌ಇಡಿ ಗೋಡೆ ಇದ್ದರೆ ಮುಖ ಕಪ್ಪಾಗುತ್ತದೆ, ಅದರ ಬೆಳಕು ತಗ್ಗಿಸಲು ಅಲಂಕಾರದವರಿಗೆ ಹೇಳಿ.

ಇದನ್ನು ನೋಡಿಕೊಳ್ಳುವವರು ಶಾಸ್ತ್ರದಲ್ಲಿ ಕೂರುವವರಾಗಿರಬಾರದು. ಹುಡುಗಿಯನ್ನು ಮಂಟಪಕ್ಕೆ ಕರೆತರುವ ಸೋದರಮಾವ ಬೇಡ, ಲಾಜಾಹೋಮದಲ್ಲಿ ಅರಳು ಹಾಕುವ ತಮ್ಮನೂ ಬೇಡ. ದೊಡ್ಡಪ್ಪನ ಮಗನೋ ಗೆಳೆಯನೋ ಆಗಲಿ, ಅವರಿಗೆ ತಿಂಡಿ ಮೊದಲೇ ಹಾಕಿಸಿ.

ಹೊತ್ತು ಮತ್ತು ಕರೆಯೋಲೆ

ಲಿಂಕ್ ಜೊತೆ ಅವರವರ ಊರಿನ ಹೊತ್ತನ್ನೇ ಬರೆಯಿರಿ. ಮೇ ತಿಂಗಳಲ್ಲಿ ನಮ್ಮ ಬೆಳಗಿನ 10.30 ಎಂದರೆ ದುಬೈಯಲ್ಲಿ 9.00, ಲಂಡನ್‌ನಲ್ಲಿ 6.00, ನ್ಯೂಯಾರ್ಕ್‌ನಲ್ಲಿ ನಡುರಾತ್ರಿ ಕಳೆದು 1.00, ಕ್ಯಾಲಿಫೋರ್ನಿಯಾದಲ್ಲಿ ಹಿಂದಿನ ರಾತ್ರಿ 10.00. ಈ 'ಹಿಂದಿನ ರಾತ್ರಿ' ಎಂಬುದನ್ನು ಒತ್ತಿ ಹೇಳಿ, ತಪ್ಪುವುದು ಅಲ್ಲೇ. ಚಳಿಗಾಲದಲ್ಲಿ ಇಂಗ್ಲೆಂಡ್, ಅಮೆರಿಕದ ಲೆಕ್ಕ ಇನ್ನೂ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ.

ವಾಟ್ಸ್ಆ್ಯಪ್‌ನಲ್ಲಿ ಹೋಗುವ ಕರೆಯೋಲೆಯಿಂದ ಮನೆ ವಿಳಾಸ ತೆಗೆಯಿರಿ, ಛತ್ರದ ವಿಳಾಸ ಸಾಕು. ಯಾವ ದಿನ ಮನೆಗೆ ಬೀಗ ಎಂದು ಊರಿಗೆಲ್ಲ ಸಾರುವ ಕಾಗದ ಅದು. ಪಿಡಿಎಫ್ ಅಥವಾ ಚಿತ್ರವಾಗಿಯೇ ಕಳಿಸಿ. ಮದುವೆ ಕಾರ್ಡ್ ಎಂದು ಎಪಿಕೆ ಫೈಲ್ (ಫೋನಿಗೆ ಆ್ಯಪ್ ಹಾಕುವ ಫೈಲ್) ಕಳಿಸಿ ಹಣ ಎಗರಿಸುವ ವಂಚನೆ ನಡೆಯುತ್ತಿರುವುದರಿಂದ, ಅಂಥದ್ದು ನಿಮ್ಮ ಹೆಸರಲ್ಲಿ ಬಂದರೂ ಒತ್ತಬೇಡಿ ಎಂದು ಹಿರಿಯರಿಗೆ ಹೇಳಿಡಿ.

ಫೋಟೊ

ವಾಟ್ಸ್ಆ್ಯಪ್ ಫೋಟೊವನ್ನು ಕುಗ್ಗಿಸುತ್ತದೆ. ಮೂಲ ಗುಣಮಟ್ಟ ಬೇಕಿದ್ದರೆ 'ಡಾಕ್ಯುಮೆಂಟ್' ಆಗಿ ಕಳಿಸಿ. ಇದಕ್ಕಿಂತ ಗೂಗಲ್ ಫೋಟೋಸ್‌ನಲ್ಲಿ ಹಂಚಿಕೆಯ ಆಲ್ಬಂ ತೆರೆದು, ಅದರ ಕ್ಯೂಆರ್ ಕೋಡನ್ನು ಊಟದ ಹಾಲ್‌ನ ಬಾಗಿಲಲ್ಲಿ ಅಂಟಿಸುವುದು ಸುಲಭ; ಕೈ ತೊಳೆಯಲು ನಿಂತವರು ಸ್ಕ್ಯಾನ್ ಮಾಡುತ್ತಾರೆ. ಉಚಿತ ಜಾಗ 15 ಜಿಬಿ ಮಾತ್ರ, ಅದರಲ್ಲಿ ನಿಮ್ಮ ಜಿಮೇಲ್‌ಗೂ ಪಾಲಿದೆ. ಫೋಟೊಗ್ರಾಫರ್ ಕೊಡುವ ಸಾವಿರಾರು ಚಿತ್ರ ಅಷ್ಟೂ ಸುರಿಯಬೇಡಿ.

ಅರಿಶಿನ ಶಾಸ್ತ್ರದ ಒದ್ದೆ ಬಟ್ಟೆ, ಬಾಯಿ ತುಂಬ ತುತ್ತು, ತವರು ಬಿಡುವಾಗಿನ ಅಳು: ಇವು ಮನೆಯ ಆಲ್ಬಂನಲ್ಲೇ ಇರಲಿ. ಬೇರೆಯವರ ಮಕ್ಕಳ ಫೋಟೊ ತಂದೆತಾಯಿಯನ್ನು ಕೇಳದೆ ಹಾಕಬೇಡಿ. ಇನ್‌ಸ್ಟಾಗ್ರಾಂನಲ್ಲಿ ಮೊದಲ ಫೋಟೊ ಮದುಮಕ್ಕಳದೇ ಆಗಬೇಕು. ಅವರು ಹಾಕುವವರೆಗೆ ನೆಂಟರು ತಡೆಯಲಿ ಎಂದು ಆರತಕ್ಷತೆಯ ನಿರೂಪಕರಿಂದ ಒಂದು ಮಾತು ಹೇಳಿಸಿದರೆ ತಪ್ಪೇನಿಲ್ಲ. ಟ್ಯಾಗ್‌ಗಳನ್ನು ನೀವೇ ಒಪ್ಪುವಂತೆ ಸೆಟ್ಟಿಂಗ್ ಬದಲಿಸಿಟ್ಟರೆ ಇನ್ನೂ ಭದ್ರ.

ಹಾಡಿನ ವಿಷಯಕ್ಕೆ ಬಂದರೆ, ಮದುವೆಯಲ್ಲಿ ಸಿನಿಮಾ ಹಾಡು ನುಡಿಸಲು 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮಿನಲ್ಲಿ ವಿನಾಯಿತಿ ಇದೆ. ಆದರೆ ಅದನ್ನು ತೋರಿಸಿ ಯೂಟ್ಯೂಬ್‌ನ ಯಂತ್ರವನ್ನು ಒಪ್ಪಿಸಲಾಗದು, ಧ್ವನಿಮುದ್ರಿತ ಹಾಡು ಕಿವಿಗೆ ಬಿದ್ದರೆ ಅದು ಲೈವನ್ನೇ ತಡೆಯಬಹುದು. ಆರತಕ್ಷತೆಯಲ್ಲಿ ಡಿಜೆ ಶುರುವಾದಾಗ ಲೈವ್‌ನ ಮೈಕ್ ಮುಚ್ಚಿ. ಅದೇ ಕಾಯ್ದೆಯ 17ನೇ ಕಲಂ ಪ್ರಕಾರ ಹಣ ಕೊಟ್ಟು ತೆಗೆಸಿದ ಫೋಟೊದ ಮೊದಲ ಹಕ್ಕು ತೆಗೆಸಿದವರದು, ಬೇರೆ ಕರಾರು ಇಲ್ಲದಿದ್ದರೆ. ಫೋಟೊಗ್ರಾಫರ್ ಕೊಟ್ಟ ಕಾಗದಕ್ಕೆ ಸಹಿ ಹಾಕುವ ಮುಂಚೆ ಆ 'ಬೇರೆ ಕರಾರು' ಅದರಲ್ಲಿದೆಯೇ ನೋಡಿ.

ಬೀಗರ ಊಟ ಮುಗಿದ ಮೇಲೆ ಎರಡು ಕೆಲಸ ಬಾಕಿ: ಯೂಟ್ಯೂಬ್ ಸ್ಟುಡಿಯೊದಿಂದ ವಿಡಿಯೊ ಇಳಿಸಿಕೊಂಡು ಎರಡು ಕಡೆ ಇಡುವುದು, ಓಬಿಎಸ್‌ಗೆ ಕೊಟ್ಟಿದ್ದ ಸ್ಟ್ರೀಮ್ ಕೀ ಬದಲಿಸುವುದು. ಆ ಕೀ ಯಾರ ಲ್ಯಾಪ್‌ಟಾಪ್‌ನಲ್ಲಿ ಉಳಿದಿದೆಯೋ ಅವರು ನಿಮ್ಮ ಚಾನೆಲ್‌ನಲ್ಲಿ ಮತ್ತೆ ಲೈವ್ ಹೋಗಬಹುದು.